ಕಾಡು ಉಳಿಯದೆ ಪ್ರಯೋಗಾಲಯ ಗೆಲ್ಲದು

ಪಶ್ಚಿಮ ಘಟ್ಟದ ದಟ್ಟ ಕಾಡುಗಳಲ್ಲಿ ಹೆಮ್ಮರಗಳ ನೆರಳನ್ನೇ ಆಶ್ರಯಿಸಿ ಬೆಳೆಯುವ ಸಣ್ಣ ಮರವೊಂದಿದೆ. ಅದರ ಎಲೆಯನ್ನು ಹಿಸುಕಿದರೆ, ಕೊಂಬೆಯನ್ನು ಮುರಿದರೆ ಮೂಗು ಮುಚ್ಚಿಕೊಳ್ಳುವಂತಹ ವಾಸನೆ. ಹೂವಿಗೂ ಅದೇ ಗುಣ. ಮಲೆನಾಡಿನವರು ಅದನ್ನು ದುರ್ವಾಸನೆ ಮರ ಎಂದು ಕರೆದರು. ಮಹಾರಾಷ್ಟ್ರದ ಸಹ್ಯಾದ್ರಿಯ ಜನ ನರಕ್ಯಾ ಎಂದರು. ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಹಿಂದೆ ಮಾಪಿಯಾ ಫೀಟಿಡಾ ಎಂದಿದ್ದ ಹೆಸರು ಇಂದು ನಾಥಪೊಡೈಟಿಸ್ ನಿಮ್ಮೋನಿಯಾನ ಎಂದಾಗಿದೆ. ನಾಟಾಕ್ಕೆ ಬಾರದ, ಅಂಗಳದಲ್ಲಿ ನೆಡಲು ಯಾರೂ ಬಯಸದ ಮರ ಇದು. ಯಾರಿಗೂ ಬೇಡವಾಗಿದ್ದುದೇ ಅದಕ್ಕೆ ಶ್ರೀರಕ್ಷೆಯಾಗಿತ್ತು.

ಆ ರಕ್ಷೆ ಕಳಚಿದ ಬಗೆಯನ್ನು ತಿಳಿಯಲು ಅರ್ಧ ಶತಮಾನಕ್ಕೂ ಹಿಂದೆ ಹೋಗಬೇಕು. 1966ರಲ್ಲಿ ಅಮೆರಿಕದ ಉತ್ತರ ಕರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಜನಿಸಿದ ಮನಸುಖ್ ವಾಣಿ ಅವರು ಚೀನಾ ಮೂಲದ ಕ್ಯಾಂಪ್ಟೊಥೆಕಾ ಎಂಬ ಮರದಿಂದ ಹೊಸದೊಂದು ರಾಸಾಯನಿಕವನ್ನು ಬೇರ್ಪಡಿಸಿ ವರದಿ ಮಾಡಿದರು. ಅದಕ್ಕೆ ಕ್ಯಾಂಪ್ಟೊಥೆಸಿನ್ ಎಂಬ ಹೆಸರಾಯಿತು. 1972ರಲ್ಲಿ ಮುಂಬಯಿಯ ಸಿಬಾ ಸಂಶೋಧನ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಅದೇ ರಾಸಾಯನಿಕ ಘಟ್ಟದ ದುರ್ವಾಸನೆ ಮರದಲ್ಲಿಯೂ ಇದೆಯೆಂದು ತೋರಿಸಿದರು. ಮೊದಲ ಹಂತದ ಪ್ರಯೋಗಗಳಲ್ಲಿ ಮೂತ್ರಕೋಶಕ್ಕೆ ತೀವ್ರ ಹಾನಿ ಕಂಡುಬಂದುದರಿಂದ 1970ರ ದಶಕದಲ್ಲಿ ಅದನ್ನು ಕೈಬಿಡಲಾಗಿತ್ತು. 1985ರಲ್ಲಿ ಅದರ ಕಾರ್ಯವಿಧಾನ ಬೆಳಕಿಗೆ ಬಂದ ಮೇಲೆ ಆಸಕ್ತಿ ಮರುಕಳಿಸಿತು. ಜೀವಕೋಶ ಇಬ್ಭಾಗವಾಗುವ ಮುನ್ನ ಅದರೊಳಗಿನ ಡಿಎನ್‌ಎ ಎಳೆ ಬಿಚ್ಚಿಕೊಳ್ಳಬೇಕು. ಎಳೆಯನ್ನು ಒಂದೆಡೆ ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಬೆಸೆಯುವ ಕಿಣ್ವವೊಂದು ಈ ಕೆಲಸ ಮಾಡುತ್ತದೆ. ಕತ್ತರಿಸಿದ ಮೇಲೆ ಬೆಸೆಯದಂತೆ ಕ್ಯಾಂಪ್ಟೊಥೆಸಿನ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಡುವಿಲ್ಲದೆ ವಿಭಜನೆಯಾಗುವ ಕ್ಯಾನ್ಸರ್ ಕೋಶಕ್ಕೆ ಇದು ಮರಣಾಂತಿಕ.

ಈ ಅಣುವನ್ನು ಮಾರ್ಪಡಿಸಿ ತಯಾರಿಸಿದ ಎರಡು ಔಷಧಿಗಳು 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಅಂಡಾಶಯದ ಕ್ಯಾನ್ಸರಿಗೆ ಟೊಪೊಟೆಕಾನ್. ದೊಡ್ಡ ಕರುಳಿನ ಕ್ಯಾನ್ಸರಿಗೆ ಇರಿನೊಟೆಕಾನ್. ಇರಿನೊಟೆಕಾನ್ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಗೂ ಸೇರಿತು. 2019 ಮತ್ತು 2020ರಲ್ಲಿ ಸ್ತನ ಕ್ಯಾನ್ಸರಿಗೆಂದು ಬಂದ ಎರಡು ಹೊಸ ಔಷಧಿಗಳು ಪ್ರತಿಕಾಯದ ಬೆನ್ನೇರಿಸಿ ಕ್ಯಾನ್ಸರ್ ಕೋಶಕ್ಕೆ ತಲುಪಿಸುವ ವಿಷವೂ ಇದೇ ಕುಟುಂಬದ್ದು. ಅಂದರೆ ಈ ಅಣುವಿನ ಕಾಲ ಮುಗಿದಿಲ್ಲ. ಬೇಡಿಕೆ ಇನ್ನೂ ಇದೆ.

ಹೀಗೆ ಯಾರಿಗೂ ಬೇಡದ ಮರ 1990ರ ದಶಕದಿಂದ ಎಲ್ಲರಿಗೂ ಬೇಕಾಯಿತು. ಕಡಿದು, ಚೆಕ್ಕೆ ಮಾಡಿ, ಒಣಗಿಸಿ, ಚೀಲಕ್ಕೆ ತುಂಬಿದ ಮರ ಘಟ್ಟ ಇಳಿದು ಹೊರದೇಶಗಳಿಗೆ ಸಾಗಿತು. ಸಾಮಾನ್ಯ ಮರದ ಒಣಗಿದ ಕಾಂಡದಲ್ಲಿ ಈ ರಾಸಾಯನಿಕದ ಪ್ರಮಾಣ ಶೇ. 0.1ರಿಂದ 0.3ರ ಆಸುಪಾಸು. ಶೇ. 0.2 ಎಂದೇ ಹಿಡಿದರೂ ಒಂದು ಟನ್ ಒಣ ಚೆಕ್ಕೆಯಲ್ಲಿ ಇರುವುದು 2 ಕಿಲೋ ಮಾತ್ರ. ಸೋಸಿ ಶುದ್ಧಗೊಳಿಸುವಾಗ ಅದರಲ್ಲೂ ಒಂದಷ್ಟು ನಷ್ಟವಾಗುತ್ತದೆ. ಬೇರಿನಲ್ಲಿ ಪ್ರಮಾಣ ಹೆಚ್ಚು. ಆದ್ದರಿಂದ ಬುಡಕ್ಕೆ ಕೊಡಲಿ ಹಾಕಿ ಸುಮ್ಮನಾಗದೆ ಬೇರನ್ನೂ ಕೀಳುವ ಆಸೆ ಹುಟ್ಟುತ್ತದೆ. ಕಡಿದರೆ ಬೊಡ್ಡೆ ಚಿಗುರಬಹುದು. ಕಿತ್ತರೆ ಆ ಮರದ ಕಥೆ ಮುಗಿಯಿತು. ಈ ಜಾತಿಯಲ್ಲಿ ಗಂಡು ಮರ, ಹೆಣ್ಣು ಮರ, ಎರಡೂ ಬಗೆಯ ಹೂ ಬಿಡುವ ಮರ ಎಂಬ ಭೇದವೂ ಇದೆ. ಕಾಡಿನ ಒಂದು ತುಂಡಿನಲ್ಲಿ ಒಂದಿಷ್ಟು ಮರ ಹೋದರೆ ಉಳಿದ ಮರಗಳು ಹೂ ಬಿಟ್ಟರೂ ಕಾಯಿ ಕಟ್ಟದಿರುವ ಸಂಭವವಿದೆ. ಹಾಲ್ಮಡ್ಡಿಗಾಗಿ ಮೈತುಂಬ ಗಾಯ ಮಾಡಿಸಿಕೊಂಡ ಮರಗಳನ್ನು, ರಾಮಪತ್ರೆಗಾಗಿ ಕೊಂಬೆ ಕಳೆದುಕೊಂಡ ಮರಗಳನ್ನು ಕಂಡ ಮಲೆನಾಡಿಗೆ ಈ ಕಥೆಯ ಮುಂದಿನ ಪುಟವನ್ನು ಊಹಿಸುವುದು ಕಷ್ಟವಲ್ಲ.

ಈ ಸಂಕಟಕ್ಕೆ ಪರಿಹಾರವೆಂದು ಮತ್ತೆ ಮತ್ತೆ ಕೇಳಿಬರುವ ಮಾತು ಅಂಗಾಂಶ ಕೃಷಿ. ಕಾಡಿನಲ್ಲಿ ಕಡಿಯುವುದೇಕೆ, ಪ್ರಯೋಗಾಲಯದಲ್ಲಿಯೇ ಬೆಳೆದರಾಯಿತು ಎಂಬ ವಾದ ಕೇಳಲು ಹಿತವಾಗಿದೆ. ಅದರಲ್ಲಿ ನಿಜವೂ ಇದೆ. ಆದರೆ ಯಾವುದು ನಿಜ, ಯಾವುದು ಬರಿಯ ಭರವಸೆ ಎಂಬುದನ್ನು ಬಿಡಿಸಿ ನೋಡದೆ ಆ ಮಾತನ್ನು ಒಪ್ಪುವುದು ಅಪಾಯಕಾರಿ.

ಮಲೆನಾಡಿನ ಕೃಷಿಕರಿಗೆ ಅಂಗಾಂಶ ಕೃಷಿ ಪರಿಚಯವಾದುದು ಬಾಳೆಯ ಸಸಿಗಳ ಮೂಲಕ. ಗಡ್ಡೆಯ ಒಂದು ಚೂರನ್ನು ಗಾಜಿನ ಬಾಟಲಿಯಲ್ಲಿ, ಸಕ್ಕರೆ, ಲವಣ ಹಾಗೂ ಸಸ್ಯಚೋದಕಗಳನ್ನು ಬೆರೆಸಿದ ಪೋಷಕ ದ್ರವ್ಯದ ಮೇಲೆ ಇಟ್ಟು, ಒಂದರಿಂದ ನೂರಾರು ಸಸಿ ಪಡೆಯುವ ವಿಧಾನ ಅದು. ಇದು ಸಸ್ಯಾಭಿವೃದ್ಧಿ. ಔಷಧೀಯ ರಾಸಾಯನಿಕವನ್ನು ಪಡೆಯುವ ಅಂಗಾಂಶ ಕೃಷಿ ಬೇರೆಯೇ ಒಂದು ಸಾಹಸ. ಅಲ್ಲಿ ಸಸಿ ಬೇಕಿಲ್ಲ. ಎಲೆ, ಕಾಂಡ, ಬೇರು ಯಾವುದೂ ಬೇಕಿಲ್ಲ. ಎಲೆಯ ಚೂರಿನಿಂದ ಕ್ಯಾಲಸ್ ಎಂಬ ಆಕಾರವಿಲ್ಲದ ಕೋಶರಾಶಿಯನ್ನು ಬೆಳೆಸಿ, ಅದನ್ನು ದ್ರವದಲ್ಲಿ ಕದಡಿ, ಉಕ್ಕಿನ ದೊಡ್ಡ ಹಂಡೆಯಲ್ಲಿ ಗಾಳಿ ಊದುತ್ತ ವೃದ್ಧಿಗೊಳಿಸಿ, ಕೊನೆಗೆ ಆ ಕೋಶಗಳಿಂದ ಮದ್ದನ್ನು ಹಿಂಡಬೇಕು. ಒಂದೇ ಹೆಸರಿನ ಈ ಎರಡು ವಿದ್ಯೆಗಳನ್ನು ಒಂದೆಂದು ತಿಳಿದುದರಿಂದಲೇ ಅರ್ಧದಷ್ಟು ಗೊಂದಲ ಹುಟ್ಟಿದೆ. ಬಾಳೆಯಲ್ಲಿ ಗೆದ್ದದ್ದು ಮದ್ದಿನಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ.

ದಾಖಲೆಗಳು ಹೇಳುವುದೇನು? 1974ರಲ್ಲಿಯೇ ಜಪಾನಿನ ವಿಜ್ಞಾನಿಗಳು ಚೀನಾ ಮರದ ಕೋಶಗಳನ್ನು ದ್ರವದಲ್ಲಿ ಬೆಳೆಸಿ ಕ್ಯಾಂಪ್ಟೊಥೆಸಿನ್ ಪಡೆದಿದ್ದರು. ಪ್ರಮಾಣ ಒಣತೂಕದ ಶೇ. 0.0025, ಮರದಲ್ಲಿರುವುದಕ್ಕಿಂತ ಬಹಳ ಕಡಿಮೆ. 1994ರಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ದುರ್ವಾಸನೆ ಮರದ ಅಂಗಾಂಶ ಕೃಷಿಯಲ್ಲಿ ಅದೇ ರಾಸಾಯನಿಕವನ್ನು ಗುರುತಿಸಿದರು. ಬಳಿಕ ವಾರಂಗಲ್ಲಿನಿಂದಲೂ ಇತರೆಡೆಗಳಿಂದಲೂ ಇಂತಹ ವರದಿಗಳು ಬಂದವು. ಎಲ್ಲೆಡೆ ಎದುರಾದದ್ದು ಒಂದೇ ತೊಡಕು. ಕೋಶಗಳು ಚೆನ್ನಾಗಿ ಬೆಳೆಯುತ್ತವೆ. ಮದ್ದನ್ನು ಮಾತ್ರ ಅತ್ಯಲ್ಪವಾಗಿ ತಯಾರಿಸುತ್ತವೆ.

ಇದಕ್ಕೆ ಕಾರಣವಿದೆ. ಇಂತಹ ರಾಸಾಯನಿಕಗಳು ಗಿಡದ ಬೆಳವಣಿಗೆಗೆ ಬೇಕಾದ ಆಹಾರವಲ್ಲ; ಕೀಟ, ಶಿಲೀಂಧ್ರ, ಮೇಯುವ ಪ್ರಾಣಿಗಳಿಂದ ಗಿಡ ತನ್ನನ್ನು ಕಾಪಾಡಿಕೊಳ್ಳಲು ಕಟ್ಟಿಕೊಂಡ ಆಯುಧ. ಶತ್ರುವೇ ಇಲ್ಲದ ಗಾಜಿನ ಪಾತ್ರೆಯಲ್ಲಿ, ಸಕ್ಕರೆಯ ಊಟ ಉಂಡು ಬೆಳೆಯುವ ಕೋಶ ಆಯುಧ ಮಸೆಯುವ ಗೋಜಿಗೆ ಹೋಗುವುದಿಲ್ಲ. ಎರಡನೆಯದಾಗಿ, ಈ ಆಯುಧ ತಯಾರಾಗಲು ಗಿಡದ ಬೇರೆ ಬೇರೆ ಬಗೆಯ ಕೋಶಗಳು ಕೈಜೋಡಿಸಬೇಕು. ಮನೆಯಂಗಳದ ನಿತ್ಯಪುಷ್ಪ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಎಲೆಯಿಂದ ದೊರೆಯುವ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಮದ್ದುಗಳು ರಕ್ತ ಕ್ಯಾನ್ಸರಿನ ಮಕ್ಕಳನ್ನೂ ಒಳಗೊಂಡು ಅಸಂಖ್ಯ ರೋಗಿಗಳ ಜೀವ ಉಳಿಸಿವೆ. ವಿನ್‌ಬ್ಲಾಸ್ಟಿನ್ ಅಣು ಎರಡು ಭಾಗಗಳ ಜೋಡಣೆ. ಒಂದು ಭಾಗವನ್ನು ಕೋಶಕೃಷಿ ತಯಾರಿಸಬಲ್ಲದು. ಇನ್ನೊಂದು ಭಾಗವಾದ ವಿಂಡೊಲಿನ್‌ಗೆ ಎಲೆಯಂತಹ ಸುವ್ಯವಸ್ಥಿತ ಅಂಗವೇ ಬೇಕು. ದಶಕಗಳ ಶ್ರಮದ ನಂತರವೂ ನಿತ್ಯಪುಷ್ಪದ ಕೋಶಕೃಷಿ ಹೊಲದ ಗಿಡವನ್ನು ಮೀರಿಸಲಾಗಲಿಲ್ಲ.

ಈ ಪಾಠವನ್ನು ಅರಿತ ವಿಜ್ಞಾನಿಗಳು ಬಿಡಿ ಕೋಶಗಳನ್ನು ಬಿಟ್ಟು ಇಡೀ ಬೇರನ್ನೇ ಗಾಜಿನಲ್ಲಿ ಬೆಳೆಸಲು ಮುಂದಾದರು. ಗಿಡಗಳಲ್ಲಿ ರೋಮದಂತಹ ಬೇರು ಹೊರಡಿಸುವ ಬ್ಯಾಕ್ಟೀರಿಯಾವನ್ನು ಬಳಸಿ, ಓಫಿಯೊರೈಝಾ ಪ್ಯುಮಿಲಾ ಎಂಬ ಸಣ್ಣ ಗಿಡದಿಂದ ಇಂತಹ ಬೇರುಗಳನ್ನು ಪಡೆದ ಜಪಾನಿನ ಚಿಬಾ ವಿಶ್ವವಿದ್ಯಾಲಯದ ತಂಡ 2001ರಲ್ಲಿ ಒಣತೂಕದ ಶೇ. 0.1ರಷ್ಟು ಕ್ಯಾಂಪ್ಟೊಥೆಸಿನ್ ದೊರೆತುದನ್ನು ವರದಿ ಮಾಡಿತು. ಮರದ ಕಾಂಡಕ್ಕೆ ಸಮೀಪದ ಪ್ರಮಾಣ ಇದು. ಬೇರು ಮದ್ದನ್ನು ಸುತ್ತಲಿನ ದ್ರವಕ್ಕೂ ಸೂಸುತ್ತಿತ್ತು. ಇದು ನಿಸ್ಸಂಶಯವಾಗಿ ದೊಡ್ಡ ಹೆಜ್ಜೆ. ಆದರೆ ಲೀಟರುಗಳ ಲೆಕ್ಕದ ಪಾತ್ರೆಯಲ್ಲಿ ಸಾಧ್ಯವಾದುದನ್ನು ಸಾವಿರಾರು ಲೀಟರಿನ ಹಂಡೆಗೆ ಏರಿಸುವುದು, ಅದೂ ಚೆಕ್ಕೆಗಿಂತ ಕಡಿಮೆ ಬೆಲೆಯಲ್ಲಿ ಏರಿಸುವುದು ಇನ್ನೊಂದು ಮಾತು.

2005ರಲ್ಲಿ ಜಮ್ಮುವಿನ ಸಂಶೋಧಕರು ಮತ್ತೊಂದು ದಾರಿ ತೋರಿದರು. ದುರ್ವಾಸನೆ ಮರದ ಒಳಗೇ ಅದಕ್ಕೆ ಕೇಡು ಮಾಡದೆ ವಾಸಿಸುವ ಶಿಲೀಂಧ್ರವೊಂದು ತಾನೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂಬುದು ಅವರ ಶೋಧ. ಶಿಲೀಂಧ್ರವನ್ನು ಹಂಡೆಯಲ್ಲಿ ಬೆಳೆಸುವುದು ಸುಲಭವಾದುದರಿಂದ ಭರವಸೆ ಮೂಡಿತು. ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೂ ಸೇರಿದಂತೆ ಹಲವರು ಮುಂದೆ ಕಂಡದ್ದು, ಮರದಿಂದ ಬೇರ್ಪಟ್ಟ ಶಿಲೀಂಧ್ರ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬದಲಾಯಿಸಿದಂತೆಲ್ಲ ಈ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬುದನ್ನು. ಮರದ ಸಂಗ ತಪ್ಪಿದರೆ ಶಿಲೀಂಧ್ರವೂ ಮದ್ದನ್ನು ಮರೆಯುತ್ತದೆ.

ಹಾಗಾದರೆ ಪ್ರಯೋಗಾಲಯ ಎಲ್ಲಿಯೂ ಗೆದ್ದಿಲ್ಲವೇ? ಗೆದ್ದಿದೆ. ಆ ಗೆಲುವಿನ ಕಥೆಯನ್ನು ಮಲೆನಾಡು ಎಚ್ಚರದಿಂದ ಓದಬೇಕು.

ಅಮೆರಿಕದ ಪಶ್ಚಿಮ ಕರಾವಳಿಯ ಹಳೆಯ ಕಾಡುಗಳಲ್ಲಿಯೂ ದೊಡ್ಡ ಮರಗಳ ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ಯೂ ಎಂಬ ಮರವಿದೆ. ನಾಟಾ ಕಡಿಯುವವರು ಅದನ್ನು ಕಸವೆಂದು ಬಗೆದು ರಾಶಿ ಹಾಕಿ ಸುಡುತ್ತಿದ್ದರು. ಅದರ ತೊಗಟೆಯಲ್ಲಿ ಟ್ಯಾಕ್ಸಾಲ್ ಎಂಬ ಅಪೂರ್ವ ಮದ್ದಿದೆ ಎಂದು 1971ರಲ್ಲಿ ತೋರಿಸಿದವರೂ ವಾಲ್ ಮತ್ತು ವಾಣಿ ತಂಡದವರೇ. ತೊಗಟೆಯಲ್ಲಿ ಅದರ ಪ್ರಮಾಣ ಶೇ. 0.01ರ ಆಸುಪಾಸು, 1 ಕಿಲೋ ಮದ್ದಿಗೆ ಸುಮಾರು 10 ಟನ್ ತೊಗಟೆ. ತೊಗಟೆ ಸುಲಿದರೆ ಮರ ಸಾಯುತ್ತದೆ. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಈ ಔಷಧಿ ಮಾನ್ಯತೆ ಪಡೆಯುವ ಹೊತ್ತಿಗೆ ಒಂದೆಡೆ ರೋಗಿಗಳ ಆರ್ತನಾದ, ಇನ್ನೊಂದೆಡೆ ಹಳೆಯ ಕಾಡುಗಳನ್ನು ಉಳಿಸಬೇಕೆಂಬ ಪರಿಸರ ಸಂಘಟನೆಗಳ ಹೋರಾಟ. ಅದೇ ವರ್ಷ ಅಮೆರಿಕದ ಸಂಸತ್ತು ಯೂ ಮರದ ಬಳಕೆ ಮತ್ತು ರಕ್ಷಣೆಗೆಂದೇ ಕಾಯಿದೆ ಮಾಡಿತು. ಕಾಡಿನ ತೊಗಟೆಯನ್ನೇ ನೆಚ್ಚಿ ಕೂರಲಾಗದು ಎಂಬುದು ಕಂಪೆನಿಗೆ ಖಚಿತವಾಯಿತು. ಮೊದಲು ಯೂರೋಪಿನ ಯೂ ಗಿಡದ ಎಲೆಯಿಂದ ಅರ್ಧಾಂಶ ಪಡೆದು ಉಳಿದುದನ್ನು ರಾಸಾಯನಿಕವಾಗಿ ಪೂರೈಸುವ ವಿಧಾನ ಬಂದಿತು. ಎಲೆ ಕೊಯ್ದರೆ ಗಿಡ ಸಾಯುವುದಿಲ್ಲ. ಅನಂತರ ಜರ್ಮನಿಯಲ್ಲಿ ಹತ್ತಾರು ಸಾವಿರ ಲೀಟರುಗಳ ಹಂಡೆಗಳಲ್ಲಿ ಯೂ ಕೋಶಗಳನ್ನು ಬೆಳೆಸಿ ಮದ್ದು ಪಡೆಯುವ ವಿಧಾನ ಕೈಗೂಡಿತು. 2004ರಲ್ಲಿ ಆ ಕಂಪೆನಿಗೆ ಅಮೆರಿಕದ ಹಸಿರು ರಸಾಯನವಿಜ್ಞಾನ ಪ್ರಶಸ್ತಿಯೂ ದೊರೆಯಿತು. ಅಂಗಾಂಶ ಕೃಷಿಯಿಂದ ಕ್ಯಾನ್ಸರ್ ಮದ್ದು ಎಂಬುದು ಕನಸಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಈ ಕಥೆಯ ಕ್ರಮವನ್ನು ಗಮನಿಸಬೇಕು. ಜನರ ಪ್ರತಿರೋಧ ಮತ್ತು ಕಾಯಿದೆ ಮೊದಲು, ಹಂಡೆ ಆಮೇಲೆ. ಕಾಡಿನ ದಾರಿ ಇಕ್ಕಟ್ಟಾದ ಮೇಲೆಯೇ ಪ್ರಯೋಗಾಲಯದ ದಾರಿಗೆ ಹಣ ಹರಿಯಿತು. ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಅಲ್ಲಿ ಬಾಗಿಲು ಮುಚ್ಚುತ್ತಿದ್ದಂತೆ ಕೊಡಲಿ ಬಾಗಿಲು ತೆರೆದಿದ್ದ ಕಡೆಗೆ ನಡೆಯಿತು. ಗಢವಾಲದ ಜನ ಥುನೇರ್ ಎನ್ನುವ ಹಿಮಾಲಯದ ಯೂ ಮರ ಎಲೆ, ತೊಗಟೆಗಳಿಗಾಗಿ ಸೂರೆಯಾಯಿತು. 1995ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತಾದರೂ ಇಂದು ಅಳಿವಿನಂಚಿನ ಮರಗಳ ಸಾಲಿನಲ್ಲಿದೆ. ಒಂದು ಬೆಟ್ಟ ಉಳಿದುದರ ಬೆಲೆಯನ್ನು ಮತ್ತೊಂದು ಬೆಟ್ಟ ತೆತ್ತಿತು.

ದುರ್ವಾಸನೆ ಮರದ ವಿಷಯದಲ್ಲಿ ಪ್ರಯೋಗಾಲಯ ಹಿಂದುಳಿದುದಕ್ಕೆ ವಿಜ್ಞಾನದ ತೊಡಕು ಒಂದು ಕಾರಣವಾದರೆ, ಅರ್ಥಶಾಸ್ತ್ರ ಇನ್ನೊಂದು. ಉಕ್ಕಿನ ಹಂಡೆಗೆ, ವಿದ್ಯುತ್ತಿಗೆ, ಶುಚಿಯಾದ ಕೋಣೆಗೆ, ತಜ್ಞರ ಸಂಬಳಕ್ಕೆ ಬೆಲೆಯಿದೆ. ಕಾಡಿನ ಮರದ ಲೆಕ್ಕದಲ್ಲಿ ಕಡಿದವನ ಕೂಲಿ, ದಲ್ಲಾಳಿಯ ಪಾಲು, ಲಾರಿಯ ಬಾಡಿಗೆ ಇವಿಷ್ಟೇ ಬರುತ್ತವೆ. ಆ ಮರವನ್ನು ವರ್ಷಗಟ್ಟಲೆ ಬೆಳೆಸಿದ ಮಣ್ಣು, ಮಳೆ, ನೆರಳಿನ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಒಂದು ಕಡೆ ಎಲ್ಲಕ್ಕೂ ಬೆಲೆ, ಇನ್ನೊಂದು ಕಡೆ ಯಾವುದಕ್ಕೂ ಬೆಲೆಯಿಲ್ಲ ಎಂಬ ಪೈಪೋಟಿಯಲ್ಲಿ ಪ್ರಯೋಗಾಲಯ ಸೋಲುವುದು ನಿಶ್ಚಿತ. ಆದುದರಿಂದ ‘ಅಂಗಾಂಶ ಕೃಷಿ ಬರುತ್ತಿದೆ, ಕಾಡಿನ ಚಿಂತೆ ಬೇಡ’ ಎಂಬ ಮಾತು ತಲೆಕೆಳಗಾದುದು. ಕಾಡಿಗೆ ಕಾವಲಿದ್ದರೆ ಮಾತ್ರ ಅಂಗಾಂಶ ಕೃಷಿ ಬರುತ್ತದೆ.

ಪ್ರಯೋಗಾಲಯಕ್ಕೆ ಕಾಡು ಬೇಕಾಗಿರುವುದು ಇನ್ನೂ ಆಳವಾದ ಕಾರಣಕ್ಕೆ. ಘಟ್ಟದುದ್ದಕ್ಕೂ ದುರ್ವಾಸನೆ ಮರಗಳನ್ನು ಪರೀಕ್ಷಿಸಿದ ಬೆಂಗಳೂರಿನ ವಿಜ್ಞಾನಿಗಳು ಮರದಿಂದ ಮರಕ್ಕೆ ಮದ್ದಿನ ಪ್ರಮಾಣದಲ್ಲಿ ಅಪಾರ ವ್ಯತ್ಯಾಸವಿರುವುದನ್ನು, ಕೆಲವು ಮರಗಳಲ್ಲಿ ಅದು ಸಾಮಾನ್ಯಕ್ಕಿಂತ ಹಲವು ಪಟ್ಟು ಇರುವುದನ್ನು ಕಂಡಿದ್ದಾರೆ. ಅಂತಹ ತಾಯಿಮರವೇ ಅಂಗಾಂಶ ಕೃಷಿಗೂ ತೋಟಗಾರಿಕೆಗೂ ಮೂಲಧನ. ಅದು ಯಾವ ಕಾನಿನ ಯಾವ ಮೂಲೆಯಲ್ಲಿದೆ ಎಂಬುದು ಕಡಿಯುವವನಿಗೆ ಗೊತ್ತಿಲ್ಲ. ಚೀಲದಲ್ಲಿ ಎಲ್ಲ ಚೆಕ್ಕೆಯೂ ಒಂದೇ. 2022ರಲ್ಲಿ ವಿನ್‌ಬ್ಲಾಸ್ಟಿನ್‌ನ ಎರಡು ಭಾಗಗಳನ್ನೂ ಯೀಸ್ಟ್‌ನಲ್ಲಿಯೇ ತಯಾರಿಸಿ ಜೋಡಿಸಲಾಯಿತು. ಈ ಬೆರಗಿನ ಸಾಧನೆಗೂ ಗಿಡದ ವಂಶವಾಹಿಗಳೇ ಪಠ್ಯ. ಓದುವ ಮುನ್ನವೇ ಪುಸ್ತಕ ಸುಟ್ಟರೆ ಯಾವ ವಿದ್ಯೆಯೂ ನೆರವಿಗೆ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕ್ಯಾನ್ಸರ್ ಮಲೆನಾಡಿನ ಮನೆಗಳನ್ನೂ ಹೊಕ್ಕಿದೆ. ದೂರದ ನಗರದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ದು, ಅಡಿಕೆ ಮಾರಿದ ಹಣವನ್ನೆಲ್ಲ ಸುರಿದ ಕುಟುಂಬಗಳು ಊರೂರಿನಲ್ಲಿವೆ. ಆ ಬಾಟಲಿಯೊಳಗಿನ ಮದ್ದು ತಮ್ಮ ಬೆಟ್ಟದ ಮರದ್ದೇ ಇರಬಹುದೆಂಬುದು ಅವರಿಗೆ ತಿಳಿದಿರಲಾರದು. ಮರ ಮುಖ್ಯವೋ ಮನುಷ್ಯ ಮುಖ್ಯನೋ ಎಂಬ ಪ್ರಶ್ನೆಯೇ ತಪ್ಪು. ಬೇರುಸಹಿತ ಕಿತ್ತ ಮರ ಇಂದಿನ ರೋಗಿಗೆ ಒಮ್ಮೆ ಮದ್ದು ಕೊಡುತ್ತದೆ. ನಾಳಿನ ರೋಗಿಗೆ ಏನನ್ನೂ ಉಳಿಸುವುದಿಲ್ಲ. ಮರವನ್ನು ಉಳಿಸುವುದು ರೋಗಿಯ ಪರವಾದ ಕೆಲಸವೇ.

ಹಾಗಾದರೆ ಆಗಬೇಕಾದುದೇನು?

ಮೊದಲನೆಯದು ಸಾಗುವಳಿ. ಕಾಡಿನ ಮರಕ್ಕೂ ಹಂಡೆಯ ಕೋಶಕ್ಕೂ ನಡುವೆ ಒಂದು ಮೆಟ್ಟಿಲಿದೆ. ಅದು ರೈತನ ಜಮೀನು. ಬಾಳೆಯಲ್ಲಿ ಪಳಗಿದ ಅಂಗಾಂಶ ಕೃಷಿ ನಿಜವಾಗಿ ನೆರವಾಗಬಲ್ಲದು ಇಲ್ಲಿ. ಗುಣವಂತ ತಾಯಿಮರಗಳಿಂದ ಸಸಿ ಬೆಳೆಸಿ ಸೊಪ್ಪಿನ ಬೆಟ್ಟಗಳ ಅಂಚಿನಲ್ಲಿ, ತೋಟದ ಬೇಲಿಗಳಲ್ಲಿ ನೆಟ್ಟು, ಬೇರು ಕೀಳದೆ ಕೊಂಬೆಗಳನ್ನಷ್ಟೇ ಸವರಿ ಕೊಡುವ ವ್ಯವಸ್ಥೆ ಸಾಧ್ಯ. ಆದರೆ ಒಂದೇ ತಾಯಿಯ ಸಾವಿರ ಸಸಿಗಳನ್ನು ಬೆಟ್ಟದ ತುಂಬ ನೆಡುವುದು ಇನ್ನೊಂದು ಬಗೆಯ ಏಕಬೆಳೆಯಾದೀತು. ಹಲವು ತಾಯಿಗಳ ಸಸಿಯೂ, ಬೀಜದ ಸಸಿಯೂ, ಗಂಡು-ಹೆಣ್ಣು ಎರಡೂ ಇರಬೇಕು. ಕೊಳ್ಳುವವರ ಖಚಿತ ಒಪ್ಪಂದವಿಲ್ಲದೆ ನೆಡಲು ಹೇಳುವುದೂ ಸಲ್ಲದು. ವೆನಿಲಾ ಬೆಲೆ ಏರಿ ಕುಸಿದ ಗಾಯ ಮಲೆನಾಡಿನಲ್ಲಿ ಇನ್ನೂ ಮಾಸಿಲ್ಲ.

ಎರಡನೆಯದು ಪಂಚಾಯಿತಿಯ ಕಾವಲು. 2002ರ ಜೀವವೈವಿಧ್ಯ ಕಾಯಿದೆ ಸ್ಥಳೀಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಲು ಹೇಳಿತು. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಕೃಷಿ ಮಾಡಿದ ಔಷಧೀಯ ಸಸ್ಯಗಳಿಗೆ ಕಾಯಿದೆಯ ಹಲವು ಕಟ್ಟುಪಾಡುಗಳಿಂದ ವಿನಾಯಿತಿ ನೀಡಿದೆ. ಅದು ಕೃಷಿ ಮಾಡಿದ್ದೇ ಎಂಬುದಕ್ಕೆ ಆಧಾರ ಇದೇ ಸಮಿತಿ ಕೊಡುವ ಮೂಲ ಪ್ರಮಾಣಪತ್ರ. ಬೆಳೆಗಾರನಿಗೆ ಇದು ಅನುಕೂಲವೇ. ಆದರೆ ಸಮಿತಿ ಹೆಸರಿಗಷ್ಟೇ ಇದ್ದು, ಕೇಳಿದವರಿಗೆಲ್ಲ ಸಹಿ ಹಾಕಿಕೊಟ್ಟರೆ ಕಾಡಿನಲ್ಲಿ ಕಡಿದ ಚೆಕ್ಕೆ ತೋಟದ ಚೆಕ್ಕೆಯೆಂಬ ಹೆಸರಿನಲ್ಲಿ ಗಡಿ ದಾಟುವುದಕ್ಕೆ ತಡವೇನೂ ಆಗದು. ಯಾರ ಜಮೀನಿನಲ್ಲಿ ಎಷ್ಟು ಗಿಡ, ಯಾವ ವರ್ಷ ನೆಟ್ಟದ್ದು, ಎಷ್ಟು ಕೊಯ್ದದ್ದು ಎಂಬುದು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಯಲ್ಪಡಬೇಕು. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಬೇಕು.

ಮೂರನೆಯದು ತಾಯಿಮರಗಳ ರಕ್ಷಣೆ ಮತ್ತು ಅದರ ಫಲದಲ್ಲಿ ಪಾಲು. ಯಾವ ಕಾನಿನ ಮರದಿಂದ ಪ್ರಯೋಗಾಲಯದ ಕೋಶ ಹುಟ್ಟಿತೋ ಆ ಕಾನನ್ನು ಕಾಯುವ ಊರಿಗೆ ಅದರ ಲಾಭದಲ್ಲಿ ಹಕ್ಕಿದೆ. ಎಲೆಯ ಒಂದು ಚೂರು ಸಾಕೆನ್ನುವ ತಂತ್ರಜ್ಞಾನದಲ್ಲಿ ಈ ಹಕ್ಕು ಕಣ್ಮರೆಯಾಗುವುದು ಇನ್ನೂ ಸುಲಭ. ಲಾರಿ ತುಂಬ ಚೆಕ್ಕೆ ಹೋದರೆ ಊರಿಗೆ ಗೊತ್ತಾಗುತ್ತದೆ. ಜೇಬಿನಲ್ಲಿ ಚಿಗುರು ಹೋದರೆ ಯಾರಿಗೂ ಗೊತ್ತಾಗದು.

ಮುಂದೊಂದು ದಿನ ಉಕ್ಕಿನ ಹಂಡೆಗಳೇ ಜಗತ್ತಿಗೆ ಬೇಕಾದಷ್ಟು ಕ್ಯಾಂಪ್ಟೊಥೆಸಿನ್ ಕೊಡಬಹುದು. ಆ ದಿನ ಬರಲಿ. ಆಗ ದುರ್ವಾಸನೆ ಮರ ಮತ್ತೆ ಯಾರಿಗೂ ಬೇಡದ ಮರವಾಗಿ ಕಾಡಿನ ನೆರಳಿನಲ್ಲಿ ನೆಮ್ಮದಿಯಿಂದ ಇರಬಹುದು. ಆದರೆ ಆ ದಿನದವರೆಗೆ ಮರ ಉಳಿದಿರಬೇಕು. ಉಳಿಸುವ ಕೆಲಸ ಯಾವ ಪ್ರಯೋಗಾಲಯದ್ದೂ ಅಲ್ಲ. ಅದು ಬೆಟ್ಟದ ಬುಡದಲ್ಲಿ ವಾಸಿಸುವವರದು. ಮುಂದಿನ ಗ್ರಾಮಸಭೆಯಲ್ಲಿ ಜೀವವೈವಿಧ್ಯ ಸಮಿತಿಯ ದಾಖಲೆ ಪುಸ್ತಕವನ್ನು ತೋರಿಸಿ ಎಂದು ಒಬ್ಬರಾದರೂ ಎದ್ದು ಕೇಳಿದರೆ, ಆ ಕೆಲಸ ಆರಂಭವಾದಂತೆ.